ಹವಳದ ಲೋಳೆ ಹಿಡಿಯಲು ಹೋಗಿ ಬರೀ ಕಡಲ ನೀರು ತಂದೆ

ಮೊದಲ ಸಲ ನೇತ್ರಾಣಿ ದ್ವೀಪದಿಂದ ವಾಪಸ್ ಬಂದಾಗ ನನ್ನ ಪೆಟ್ಟಿಗೆಯಲ್ಲಿ 24 ಟ್ಯೂಬ್ ಇದ್ದವು. 12ರ ಮೇಲೆ ‘ಲೋಳೆ’, 6ರ ಮೇಲೆ ‘ನೀರು’, 6ರ ಮೇಲೆ ‘ಮರಳು’ ಅಂತ ಬರೆದಿದ್ದೆ. ಎರಡು ತಿಂಗಳ ನಂತರ ಅವುಗಳಲ್ಲಿದ್ದ ಬ್ಯಾಕ್ಟೀರಿಯಾಗಳ ಡಿಎನ್‌ಎ ಓದಿಸಿದ ಫಲಿತಾಂಶ ಬಂತು. ಲೋಳೆ ಅಂತ ಬರೆದ 12ರಲ್ಲಿ 9 ಟ್ಯೂಬಿನಲ್ಲಿ ಇದ್ದದ್ದು ಸುಮ್ನೆ ಸಮುದ್ರದ ನೀರು.

ಯಾಕೆ ಹಾಗಾಯಿತು ಅನ್ನುವ ಮೊದಲು ನಾನು ಹುಡುಕುತ್ತಿದ್ದುದು ಏನು ಅಂತ ಹೇಳಿಬಿಡುತ್ತೇನೆ. ಹವಳ ಕಲ್ಲಲ್ಲ, ಗಿಡವೂ ಅಲ್ಲ, ಪ್ರಾಣಿ. ಪಾಲಿಪ್ ಅನ್ನುವ ಚಿಕ್ಕ ಚಿಕ್ಕ ಜೀವಿಗಳು ಸಾವಿರಗಟ್ಟಲೆ ಒತ್ತಾಗಿ ಕೂತು ಕಟ್ಟಿಕೊಂಡ ಸುಣ್ಣದ ಮನೆ ಅದು. ಮೈಯೊಳಗೆ ಪಾಚಿ ಇಟ್ಟುಕೊಂಡಿರುತ್ತದೆ. ಪಾಚಿ ಬಿಸಿಲು ಹಿಡಿದು ಊಟ ತಯಾರಿಸುತ್ತದೆ, ಹವಳ ಅದನ್ನು ತಿಂದು ಉಳಿದದ್ದರಲ್ಲಿ ಒಂದಷ್ಟನ್ನು ಲೋಳೆ ಮಾಡಿ ಮೈಗೆ ಹೊದ್ದುಕೊಳ್ಳುತ್ತದೆ. ಆ ಲೋಳೆ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ಆದರೆ ಸುತ್ತಲಿನ ನೀರೂ ಖಾಲಿ ಇರುವುದಿಲ್ಲ. ಒಂದು ಮಿಲಿಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 10 ಲಕ್ಷ ಬ್ಯಾಕ್ಟೀರಿಯಾ ಇರುತ್ತವೆ. ಹಾಗಾದರೆ ಲೋಳೆಯಲ್ಲಿ ಸಿಕ್ಕಿದವು ಅಲ್ಲೇ ಮನೆ ಮಾಡಿಕೊಂಡವೋ, ನೀರಿನಿಂದ ಬಂದು ಅಂಟಿಕೊಂಡವೋ? ನನ್ನ ಕೆಲಸವೆಲ್ಲ ಈ ಒಂದು ಪ್ರಶ್ನೆ ಮೇಲೆ ನಿಂತಿದೆ.

ಮುರುಡೇಶ್ವರದಿಂದ ನೇತ್ರಾಣಿ ಸುಮಾರು 19 ಕಿಲೋಮೀಟರ್. ಬೋಟಿನಲ್ಲಿ ಒಂದೂವರೆ ಗಂಟೆ. ಲಕ್ಷದ್ವೀಪದ ಹಾಗೆ ಹವಳವೇ ಕಟ್ಟಿದ ದ್ವೀಪ ಅಲ್ಲ ಇದು. ಕಲ್ಲುಗುಡ್ಡ, ಅದರ ಬುಡದ ಬಂಡೆಗಳ ಮೇಲೆ ಅಲ್ಲಲ್ಲಿ ಹವಳ. ನಾನು ಆರಿಸಿಕೊಂಡದ್ದು ಪೋರೈಟಿಸ್ ಅನ್ನುವ ಜಾತಿ. ಗುಂಡಗೆ, ಕುಂಬಳಕಾಯಿ ಇಟ್ಟ ಹಾಗೆ ಇರುತ್ತದೆ. ಗುರುತು ಹಿಡಿಯುವುದು ಸುಲಭ, ಮುಂದಿನ ಸಲ ಅದೇ ಹವಳದ ಗುಂಡಿನ ಹತ್ತಿರ ವಾಪಸ್ ಹೋಗಬಹುದು. ಒಂದು ಚೂರೂ ಒಡೆದು ತರುವುದಿಲ್ಲ ಅಂತ ಮೊದಲೇ ತೀರ್ಮಾನಿಸಿದ್ದೆ. ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಕಾಯ್ದೆಯ ಒಂದನೇ ಷೆಡ್ಯೂಲಿನಲ್ಲಿವೆ. ಹುಲಿ, ಆನೆ ಇರುವ ಪಟ್ಟಿ ಅದು. ಅನುಮತಿ ಪತ್ರದ ಪ್ರತಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಹೋಗಿದ್ದೆ. ಅನುಮತಿ ಇದೆ ಅಂತ ಸುತ್ತಿಗೆ ಹಿಡಿಯಲು ಮನಸ್ಸು ಬರಲಿಲ್ಲ. ಲೋಳೆ ಸಾಕು ಅನ್ನಿಸಿತು.

ಲೋಳೆ ಸಾಕು ಅನ್ನುವುದು ಸುಲಭ, ಹಿಡಿಯುವುದು ಕಷ್ಟ. ಮೊದಲ ಸಲ ಸೂಜಿ ತೆಗೆದ ಸಿರಿಂಜನ್ನು ಹವಳದ ಹತ್ತಿರ ಹಿಡಿದು ಎಳೆದೆ. ತುಂಬಿತು, ಮುಚ್ಚಿದೆ, ಮುಂದಿನ ಗುಂಡಿನ ಹತ್ತಿರ ಹೋದೆ. ಎಂಟು ಮೀಟರ್ ಆಳದಲ್ಲಿ ಸಿಲಿಂಡರಿನ ಗಾಳಿ ಲೆಕ್ಕ ಹಾಕುತ್ತಾ ಕೆಲಸ ಮಾಡುವಾಗ ಎಲ್ಲವೂ ಬೇಗ ಮುಗಿಯಲಿ ಅನ್ನಿಸುತ್ತದೆ, ಅಲ್ವಾ? ಲೋಳೆ ಕಣ್ಣಿಗೆ ಕಾಣದಷ್ಟು ತೆಳು. ಅದು ಬಂತೋ ಇಲ್ಲವೋ ಅಂತ ನಾನು ನೋಡಲೇ ಇಲ್ಲ.

ಎರಡನೇ ಸಲ ಹೋಗುವ ಮೊದಲು ಕ್ರಮವನ್ನೇ ಬದಲಾಯಿಸಿದೆ. ಇಳಿದ ಕೂಡಲೇ ಮೊದಲು ನೀರು. ಯಾರ ಕಾಲುರೆಕ್ಕೆಯೂ ತಳಕ್ಕೆ ತಾಗುವ ಮುಂಚೆ, ಹವಳಕ್ಕಿಂತ ಅರ್ಧ ಮೀಟರ್ ಮೇಲೆ ಒಂದು ಬಾಟಲಿ. ದ್ವೀಪದಿಂದ ದೂರ, ತೆರೆದ ಕಡಲಲ್ಲಿ ಇನ್ನೊಂದು. ಆಮೇಲೆ ಲೋಳೆ. ಮರಳು ಕೊನೆಗೆ, ಯಾಕಂದರೆ ಅದನ್ನು ಮುಟ್ಟಿದರೆ ಎಲ್ಲ ಕದಡಿಹೋಗುತ್ತದೆ.

ಲೋಳೆಗೆ 50 ಮಿಲಿಲೀಟರಿನ ಸಿರಿಂಜ್. ಅದರ ಮೊಂಡು ತುದಿಯಿಂದ ಹವಳದ ಮೇಲ್ಮೈಯನ್ನು ಅರ್ಧ ನಿಮಿಷ ಮೆಲ್ಲಗೆ ಸವರಬೇಕು. ಕೆರೆಯಬಾರದು, ಮಗುವಿನ ಕೆನ್ನೆ ಸವರಿದ ಹಾಗೆ. ಹವಳಕ್ಕೆ ಕಿರಿಕಿರಿಯಾಗಿ ಇನ್ನಷ್ಟು ಲೋಳೆ ಬಿಡುತ್ತದೆ. ಆಗ ಟಾರ್ಚ್ ಅಡ್ಡ ಹಿಡಿದರೆ ಬೆಂಡೆಕಾಯಿ ಮುರಿದಾಗ ಬರುವಂಥ ಎಳೆ ಕಾಣುತ್ತದೆ. ಆ ಎಳೆಯನ್ನೇ ಹಿಂಬಾಲಿಸಿ ನಿಧಾನಕ್ಕೆ ಎಳೆಯಬೇಕು. ಬೋಟಿಗೆ ಬಂದ ಮೇಲೆ ಸಿರಿಂಜನ್ನು ಮೂತಿ ಕೆಳಗೆ ಮಾಡಿ ಕಾಲು ಗಂಟೆ ನಿಲ್ಲಿಸುತ್ತೇನೆ. ಲೋಳೆ ಕೆಳಗೆ ಕೂರುತ್ತದೆ. ಕೆಳಗಿನ ನಾಲ್ಕೈದು ಮಿಲಿಲೀಟರ್ ಮಾತ್ರ ಟ್ಯೂಬಿಗೆ, ಮೇಲಿನದ್ದು ಕಡಲಿಗೆ.

ಬೋಟಿನವರಿಗೆ ಇದೆಲ್ಲ ತಮಾಷೆ. “ಎಂತ ಮಾರಾಯ್ರೆ, ಅಷ್ಟು ಕಷ್ಟಪಟ್ಟು ತೆಗ್ದು ಮತ್ತೆ ಚೆಲ್ತೀರಲ್ಲ?” ಅಂತ ಕೇಳಿದರು. ಆದರೆ ಐಸಿನ ಪಾಠ ಹೇಳಿಕೊಟ್ಟದ್ದು ಅವರೇ. ಡ್ರೈ ಐಸ್ ಅಲ್ಲಿ ಸಿಗುವುದಿಲ್ಲ. ಮೀನಿಗೆ ಹಾಕುವ ಪುಡಿ ಐಸಿಗೆ ಎರಡು ಹಿಡಿ ಕಲ್ಲುಪ್ಪು ಬೆರೆಸಿ ಥರ್ಮಾಕೋಲ್ ಪೆಟ್ಟಿಗೆಗೆ ತುಂಬಿದರೆ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಡಿಎನ್‌ಎ ಕೆಡದಂತೆ ಕಾಯುವ ದ್ರಾವಣವನ್ನು ಟ್ಯೂಬಿಗೆ ಮೊದಲೇ ಹಾಕಿರುತ್ತೇನೆ. ಐಸ್ ಅದರ ಮೇಲಿನ ಕಾವಲು.

ಸಂಜೆ ಲಾಡ್ಜಿನ ರೂಮೇ ಲ್ಯಾಬ್. ಟೇಬಲ್ಲನ್ನು ಬ್ಲೀಚಿನಲ್ಲಿ ಒರೆಸಿ, ಫ್ಯಾನ್ ಆರಿಸಿ, ಸ್ಪಿರಿಟ್ ದೀಪ ಹಚ್ಚಿ ಬೆವರುತ್ತಾ ಕೂರುವುದು. ನೀರನ್ನು 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಬೇಕು. ಬ್ಯಾಕ್ಟೀರಿಯಾ ಮೇಲೆ ಉಳಿಯುತ್ತವೆ, ನೀರು ಕೆಳಗೆ ಹೋಗುತ್ತದೆ. ಒಂದು ಲೀಟರ್ ಸೋಸಲು ಒಮ್ಮೊಮ್ಮೆ ಒಂದು ಗಂಟೆ. ಪಂಪಿನ ಸದ್ದು ಕೇಳಿ ಲಾಡ್ಜಿನವರು ಎರಡು ಸಲ ಬಾಗಿಲು ತಟ್ಟಿದರು.

ಅಲ್ಲೇ ಒಂದಷ್ಟನ್ನು ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟುಗಳ ಮೇಲೂ ಸವರಿದೆ. ಏಪ್ರಿಲ್ ಸೆಕೆಗೆ ರೂಮೇ 30 ಡಿಗ್ರಿ, ಬೇರೆ ಇನ್‌ಕ್ಯುಬೇಟರ್ ಯಾಕೆ? ವಿಬ್ರಿಯೊ ಬ್ಯಾಕ್ಟೀರಿಯಾ ಬೆಳೆಸುವ ಹಸಿರು ಬಣ್ಣದ ಟಿಸಿಬಿಎಸ್ ಪ್ಲೇಟಿನಲ್ಲಿ ಮಾರನೇ ದಿನ ಹಳದಿ ಚುಕ್ಕೆಗಳು ರಾಶಿ ಬಿದ್ದವು. ವಿಬ್ರಿಯೊ ಕೊರಲಿಲಿಟಿಕಸ್ ಅನ್ನುವ ಒಂದು ಜಾತಿ ನೀರು ಬಿಸಿಯಾದಾಗ ಹವಳಕ್ಕೆ ರೋಗ ತರುತ್ತದೆ ಅಂತ ಓದಿದ್ದೆನಲ್ಲ, ಎದೆ ಧಸಕ್ಕೆಂದಿತು. ಆಮೇಲೆ ಡಿಎನ್‌ಎ ಲೆಕ್ಕದಲ್ಲಿ ನೋಡಿದರೆ ವಿಬ್ರಿಯೊ ಒಂದು ಸಣ್ಣ ಪಾಲು ಅಷ್ಟೇ. ಸಮುದ್ರದ ಬ್ಯಾಕ್ಟೀರಿಯಾಗಳಲ್ಲಿ ಪ್ಲೇಟಿನ ಮೇಲೆ ಬೆಳೆಯುವುದು 100ಕ್ಕೆ 1ಕ್ಕೂ ಕಡಿಮೆ. ವಿಬ್ರಿಯೊ ಬೇಗ ಬೆಳೆಯುವ ಜಾತಿ. ಮದುವೆ ಮನೆಯಲ್ಲಿ ಜೋರಾಗಿ ಮಾತಾಡುವವರೇ ಜಾಸ್ತಿ ಜನ ಇದ್ದಾರೆ ಅನ್ನಿಸುತ್ತದಲ್ಲ, ಹಾಗೆ. ಪ್ಲೇಟ್ ಮಾತ್ರ ನೋಡಿ ಹವಳಕ್ಕೆ ಕಾಯಿಲೆ ಅಂತ ಹೇಳುವವರನ್ನು ಅಂದಿನಿಂದ ನಾನು ನಂಬುವುದಿಲ್ಲ.

ಡಿಎನ್‌ಎ ದಾರಿಯೂ ಪೂರ್ತಿ ನೆಟ್ಟಗಿಲ್ಲ. ನಾವು ಓದಿಸುವುದು 16ಎಸ್ ಅನ್ನುವ ಜೀನ್. ಎಲ್ಲ ಬ್ಯಾಕ್ಟೀರಿಯಾದಲ್ಲೂ ಇರುತ್ತದೆ, ಜಾತಿಯಿಂದ ಜಾತಿಗೆ ಸ್ವಲ್ಪ ಬದಲಾಗುತ್ತದೆ. ತೊಂದರೆ ಏನೆಂದರೆ ಪಾಚಿಯೊಳಗೆ ಬಿಸಿಲು ಹಿಡಿಯುವ ಭಾಗವಾದ ಕ್ಲೋರೋಪ್ಲಾಸ್ಟ್ ಕೂಡ ಯಾವುದೋ ಕಾಲದ ಬ್ಯಾಕ್ಟೀರಿಯಾದ ವಂಶವೇ. ಅದರ 16ಎಸ್ ಕೂಡ ಲೆಕ್ಕದೊಳಗೆ ನುಗ್ಗುತ್ತದೆ. ಹುಡುಕಿ ತೆಗೆದುಹಾಕಬೇಕು. ಇನ್ನೊಂದು, ಖಾಲಿ ಟ್ಯೂಬ್. ಲೋಳೆ, ನೀರು ಏನೂ ಹಾಕದೆ ಉಳಿದ ಟ್ಯೂಬುಗಳ ಜೊತೆ ಎಲ್ಲ ಹಂತ ದಾಟಿಸುವ ಟ್ಯೂಬ್ ಅದು, ಹೊರಗಿನಿಂದ ಏನು ಸೇರಿಕೊಂಡಿದೆ ಅಂತ ತಿಳಿಯಲು. ದುಡ್ಡು ದಂಡ ಅಂತ ಮೊದಲ ಸಲ ಬಿಟ್ಟಿದ್ದೆ. ಎರಡನೇ ಸಲ ಹಾಕಿದೆ. ಆ ಖಾಲಿ ಟ್ಯೂಬಿನಲ್ಲಿ ಮನುಷ್ಯರ ಚರ್ಮದ ಬ್ಯಾಕ್ಟೀರಿಯಾ ಸಿಕ್ಕಿತು. ನನ್ನದೇ ಇರಬೇಕು. ಡಿಎನ್‌ಎ ತೆಗೆಯುವ ಕಿಟ್ಟುಗಳಲ್ಲಿ ಸಾಮಾನ್ಯವಾಗಿ ಇರುವ ರಾಲ್ಸ್ಟೋನಿಯಾ ಅನ್ನುವ ಬ್ಯಾಕ್ಟೀರಿಯಾ ಕೂಡ ಇತ್ತು. ಮೊದಲ ಸಲದ ಲೋಳೆಯಲ್ಲಿ ಅದನ್ನು ‘ಹವಳದ ವಿಶೇಷ ನಿವಾಸಿ’ ಅಂತ ಬರೆದುಕೊಂಡಿದ್ದೆ! ಆ ಪುಟ ಇನ್ನೂ ಹರಿದಿಲ್ಲ, ಇಟ್ಟುಕೊಂಡಿದ್ದೇನೆ.

ಇದೇ ಸಲ ಎರಡು ಗುಂಡುಗಳು ಪ್ಲಾಸ್ಟಿಕ್ ಹಾಳೆ ಹೊದ್ದ ಹಾಗೆ ಕಂಡವು, ಮೇಲೆ ಕೆಸರು ಬೇರೆ ಕೂತಿತ್ತು. ಸತ್ತಿಲ್ಲ. ಪೋರೈಟಿಸ್ ಆಗಾಗ ದಪ್ಪ ಲೋಳೆಯ ಹಾಳೆ ಬೆಳೆಸಿ, ಕೊಳೆಯಾದ ಮೇಲೆ ಹಾವು ಪೊರೆ ಬಿಟ್ಟ ಹಾಗೆ ಕಳಚುತ್ತದೆ. ಹಳೆ ಹಾಳೆಯ ಬ್ಯಾಕ್ಟೀರಿಯಾ ಬೇರೆ, ಕಳಚಿದ ಮೇಲಿನದ್ದು ಬೇರೆ. ಎರಡನ್ನೂ ಒಂದೇ ಗುಂಪಿಗೆ ಹಾಕಿದರೆ ಲೆಕ್ಕ ಕೆಡುತ್ತದೆ. ಈಗ ಪ್ರತಿ ಗುಂಡಿನ ಫೋಟೊ ತೆಗೆದೇ ಮುಟ್ಟುವುದು.

ಎರಡನೇ ಸಲದ ಫಲಿತಾಂಶ ಬಂದ ರಾತ್ರಿ ನಕ್ಷೆ ಬಿಡಿಸಿದೆ. ಒಂದೊಂದು ಟ್ಯೂಬಿಗೆ ಒಂದೊಂದು ಚುಕ್ಕೆ. ಬ್ಯಾಕ್ಟೀರಿಯಾ ಒಂದೇ ಥರ ಇದ್ದರೆ ಚುಕ್ಕೆಗಳು ಹತ್ತಿರ, ಬೇರೆ ಇದ್ದರೆ ದೂರ. ಮರಳು ಒಂದು ಮೂಲೆ. ನೀರು ಇನ್ನೊಂದು ಮೂಲೆ. ಅದರಲ್ಲಿ ತೆರೆದ ಕಡಲಲ್ಲಿ ಎಲ್ಲೆಲ್ಲೂ ಇರುವ ಎಸ್‌ಎಆರ್11 ಮತ್ತು ಸಿನೆಕೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಜಾಸ್ತಿ. ಲೋಳೆ ಈ ಸಲ ತನ್ನದೇ ಜಾಗದಲ್ಲಿ ಕೂತಿತ್ತು. ಹವಳದ ಜೊತೆಗಾರ ಅಂತಲೇ ಹೆಸರಾದ ಎಂಡೋಜೊಯಿಕೊಮೊನಾಸ್ ಬ್ಯಾಕ್ಟೀರಿಯಾ ಕೂಡ ಸ್ವಲ್ಪ ಸಿಕ್ಕಿತು. ಅದರ ಮುಖ್ಯ ಮನೆ ಹವಳದ ಮಾಂಸದೊಳಗೆ. ನಾನು ಒಡೆದಿಲ್ಲವಾದ್ದರಿಂದ ಅಷ್ಟೇ ಸಿಗುವುದು.

12ರಲ್ಲಿ ಒಂದು ಲೋಳೆ ಚುಕ್ಕೆ ಮಾತ್ರ ಮತ್ತೆ ನೀರಿನ ಗುಂಪಿನ ನಡುವೆ ಬಿದ್ದಿತ್ತು. ಏಳನೇ ಗುಂಡಿನದ್ದು. ಹೊಸ ವಿಷಯ ಸಿಕ್ಕಿತೇನೋ ಅಂತ ಒಂದು ಕ್ಷಣ ಆಸೆಯಾಯಿತು. ಆಮೇಲೆ ನೀರೊಳಗೆ ಬರೆಯುವ ಸ್ಲೇಟಿನ ಫೋಟೊ ತೆಗೆದು ನೋಡಿದೆ. ಪೆನ್ಸಿಲಿನಲ್ಲಿ ನನ್ನದೇ ಸೊಟ್ಟ ಅಕ್ಷರ: ‘7 — ಸೆಳೆತ ಜಾಸ್ತಿ. ಎಳೆ ಕಾಣಲಿಲ್ಲ. ಆದರೂ ಎಳೆದೆ.’