ಅಮೆರಿಕದಲ್ಲಿ ಲಾ ಆಫೀಸ್ ನಡೆಸ್ತಿದ್ದೀರಾ? ಹೊಸ ಟ್ಯಾಕ್ಸ್ ಕಾನೂನಿನ ಲೆಕ್ಕ ಹೀಗೆ ಹಾಕಿ

ಅಮೆರಿಕದಲ್ಲಿ ಪುಟ್ಟ ಲಾ ಆಫೀಸ್ ಇಟ್ಟುಕೊಂಡಿರುವ ಕನ್ನಡದ ವಕೀಲರಿಗಾಗಿ ಇದನ್ನು ಬರೆಯುತ್ತಿದ್ದೇನೆ. 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಟ್ಯಾಕ್ಸ್ ಕಾನೂನು ನಿಮ್ಮ ಜೇಬಿಗೆ ನೇರವಾಗಿ ತಟ್ಟುತ್ತದೆ. ದೊಡ್ಡ ಫರ್ಮ್‌ಗಳಿಗೆ ಹೇಳಲು ಜನ ಇದ್ದಾರೆ, ಒಂಟಿಯಾಗಿ ಪ್ರಾಕ್ಟೀಸ್ ಮಾಡುವವರಿಗೆ ಯಾರೂ ಸರಿಯಾಗಿ ಬಿಡಿಸಿ ಹೇಳುವುದಿಲ್ಲ.

ಮೊದಲು, ನಿಮ್ಮ ಆಫೀಸ್ ಯಾವ ರೂಪದಲ್ಲಿದೆ ನೋಡಿ. ಒಬ್ಬರದೇ ಪ್ರಾಕ್ಟೀಸ್, ಪಾರ್ಟ್‌ನರ್‌ಶಿಪ್, ಎಸ್ ಕಾರ್ಪೊರೇಷನ್, ಇವುಗಳಲ್ಲಿ ಯಾವುದಾದರೂ ಆಗಿದ್ದರೆ ಲಾಭವೆಲ್ಲ ನಿಮ್ಮ ಸ್ವಂತ ರಿಟರ್ನ್‌ಗೆ ಬರುತ್ತದೆ. ಆ ಲಾಭದಲ್ಲಿ 20%ನ್ನು ಟ್ಯಾಕ್ಸ್ ಲೆಕ್ಕದಿಂದ ಕಳೆಯುವ ಅವಕಾಶವನ್ನು 2017ರ ಕಾನೂನು ಕೊಟ್ಟಿತ್ತು. ಸೆಕ್ಷನ್ 199ಎ ಅನ್ನುತ್ತಾರಲ್ಲ, ಅದೇ. 2025ರ ಕೊನೆಗೆ ಮುಗಿಯಬೇಕಿದ್ದ ಅದು ಈಗ ಕಾಯಂ ಆಗಿದೆ.

ಎರಡನೆಯದು, ಫೀಸ್ ಎಷ್ಟು ಬಂತು ಅಂತ ನೋಡಬೇಡಿ. ಈ 20% ಕಳೆಯುವ ಮುಂಚಿನ ಟ್ಯಾಕ್ಸಬಲ್ ಇನ್‌ಕಮ್ ನೋಡಿ. ಎಲ್ಲ ನಿಂತಿರುವುದು ಅದರ ಮೇಲೆ. 2025ಕ್ಕೆ ಪೂರ್ತಿ 20% ಸಿಗುವ ಗೆರೆ ಒಬ್ಬರಿಗೆ 1,97,300 ಡಾಲರ್, ಗಂಡ ಹೆಂಡತಿ ಒಟ್ಟಿಗೆ ಫೈಲ್ ಮಾಡಿದರೆ 3,94,600 ಡಾಲರ್. ದಂಪತಿಯ ಟ್ಯಾಕ್ಸಬಲ್ ಇನ್‌ಕಮ್ 3,60,000, ಅದರಲ್ಲಿ ಆಫೀಸಿನ ಲಾಭ 3,00,000 ಅಂದುಕೊಳ್ಳಿ. 60,000 ಡಾಲರ್ ಹಾಗೇ ಕಳೆಯುತ್ತದೆ. ಅವರು 24% ಸ್ಲ್ಯಾಬ್‌ನಲ್ಲಿರುವುದರಿಂದ ಉಳಿತಾಯ 14,400 ಡಾಲರ್. ಕಡಿಮೆ ದುಡ್ಡಲ್ಲ, ಅಲ್ವಾ?

ಗೆರೆ ದಾಟಿದರೆ ಕಡಿತ ಕರಗುತ್ತಾ ಹೋಗುತ್ತದೆ. 2025ಕ್ಕೆ ದಂಪತಿಯ ಇನ್‌ಕಮ್ 4,94,600 ಮುಟ್ಟಿದರೆ ಪೂರ್ತಿ ಸೊನ್ನೆ. ಒಬ್ಬರಿಗಾದರೆ 2,47,300ಕ್ಕೆ. ಯಾಕೆಂದರೆ ಕಾನೂನು ವಕೀಲಿ, ವೈದ್ಯಕೀಯ, ಅಕೌಂಟಿಂಗ್ ಇಂಥ ಕಸುಬುಗಳನ್ನು ಹೆಸರು ಹಿಡಿದು ಹೊರಗಿಟ್ಟಿದೆ. ಎಂಜಿನಿಯರ್, ಆರ್ಕಿಟೆಕ್ಟ್‌ಗಳಿಗೆ ಮಾತ್ರ ಈ ತಡೆ ಇಲ್ಲ. ಇದು ನ್ಯಾಯ ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ. 2026ರಿಂದ ಒಂದು ಸಮಾಧಾನ ಇದೆ. ಕರಗುವ ಆ ಅಂತರ ಒಬ್ಬರಿಗೆ 50,000ದಿಂದ 75,000ಕ್ಕೆ, ದಂಪತಿಗೆ 1,00,000ದಿಂದ 1,50,000ಕ್ಕೆ ಏರಿದೆ.

ಮೂರನೆಯದು, ಗೆರೆಗಿಂತ ಸ್ವಲ್ಪವೇ ಮೇಲಿದ್ದರೆ ಕೆಳಗಿಳಿಯಿರಿ. ಕಂಪ್ಯೂಟರ್, ಕುರ್ಚಿ, ಮೇಜು ಬೇಕಿದ್ದರೆ ಡಿಸೆಂಬರ್ ಒಳಗೆ ತಂದು ಬಳಸಲು ಶುರು ಮಾಡಿ. 2025ರ ಜನವರಿ 19ರ ನಂತರ ಕೊಂಡಿದ್ದಕ್ಕೆ ಪೂರ್ತಿ ಬೆಲೆಯನ್ನು ಅದೇ ವರ್ಷ ಖರ್ಚು ಹಾಕಬಹುದು. ಸುಮ್ನೆ ಟ್ಯಾಕ್ಸ್ ಉಳಿಸಲು ಅಂತ ಬೇಡದ್ದನ್ನು ಕೊಳ್ಳಬೇಡಿ. ಡಿಸೆಂಬರ್ ಕಳೆದುಹೋದರೂ ಸೆಪ್ ಐಆರ್‌ಎ ಅನ್ನುವ ನಿವೃತ್ತಿ ಖಾತೆ ಇದೆ, ರಿಟರ್ನ್ ಫೈಲ್ ಮಾಡುವ ದಿನದವರೆಗೂ ಅದಕ್ಕೆ ದುಡ್ಡು ಹಾಕಬಹುದು, ಎಕ್ಸ್‌ಟೆನ್ಷನ್ ತೆಗೆದುಕೊಂಡಿದ್ದರೆ ಆ ದಿನದವರೆಗೂ. ಆದರೆ ನಿಮಗೆ ಎಷ್ಟು ಪರ್ಸೆಂಟ್ ಹಾಕಿಕೊಂಡಿರೋ ಅರ್ಹ ನೌಕರರಿಗೂ ಅಷ್ಟೇ ಪರ್ಸೆಂಟ್ ಹಾಕಬೇಕು.

ಪಾರ್ಟ್‌ನರ್‌ಶಿಪ್ ಇದ್ದರೆ ಪ್ರತಿ ಪಾರ್ಟ್‌ನರ್‌ನ ಪಾಲಿನ ಲೆಕ್ಕ ತೋರಿಸುವ ಕೆ-1 ಹಾಳೆ ತೆಗೆದು 4ಎ ಬಾಕ್ಸ್ ನೋಡಿ. ಅಲ್ಲಿರುವುದು ಗ್ಯಾರಂಟೀಡ್ ಪೇಮೆಂಟ್, ಅಂದರೆ ಲಾಭ ಬರಲಿ ಬಿಡಲಿ ಪಾರ್ಟ್‌ನರ್‌ನ ಕೆಲಸಕ್ಕೆ ಕೊಡುವ ದುಡ್ಡು. ಅದಕ್ಕೆ ಈ 20% ಸಿಗುವುದಿಲ್ಲ, 1ನೇ ಬಾಕ್ಸಿನ ಲಾಭಕ್ಕೆ ಸಿಗುತ್ತದೆ. ಪಾರ್ಟ್‌ನರ್‌ಗೆ ತಿಂಗಳು ತಿಂಗಳು ಕೊಡುವ ದುಡ್ಡನ್ನು ಹಳೇ ಕರಾರಿನಲ್ಲಿ ಹೇಗೆ ಬರೆದಿದ್ದೀರಿ ಅನ್ನುವುದರ ಮೇಲೆ ಸಾವಿರಾರು ಡಾಲರ್ ನಿಂತಿರಬಹುದು. ಒಮ್ಮೆ ಕೂತು ಓದಿ.

ನಾಲ್ಕನೆಯದು, ರಾಜ್ಯದ ಟ್ಯಾಕ್ಸ್. ಫೆಡರಲ್ ರಿಟರ್ನ್‌ನಲ್ಲಿ ಅದನ್ನು ಕಳೆಯುವ ಮಿತಿ 2025ಕ್ಕೆ 10,000ದಿಂದ 40,000 ಡಾಲರ್‌ಗೆ ಏರಿತು. ಆ ವರ್ಷ ಆದಾಯ 5,00,000 ದಾಟಿದರೆ ಅದೂ ಇಳಿಯುತ್ತದೆ. ಫರ್ಮ್‌ನಿಂದಲೇ ರಾಜ್ಯದ ಟ್ಯಾಕ್ಸ್ ಕಟ್ಟಿ ಈ ಮಿತಿಯನ್ನು ತಪ್ಪಿಸಿಕೊಳ್ಳುವ ದಾರಿಯನ್ನು ವಕೀಲರಿಗೆ ಮುಚ್ಚಬೇಕೆಂದು ಸಂಸತ್ತಿನ ಕೆಳಮನೆಯಾದ ಹೌಸ್‌ನ ಮಸೂದೆಯಲ್ಲಿತ್ತು. ಕೊನೆಗೆ ಆ ಮಾತು ಕೈಬಿಟ್ಟುಹೋಯಿತು, ದಾರಿ ಹಾಗೇ ಉಳಿಯಿತು. ನಿಮ್ಮ ರಾಜ್ಯದಲ್ಲಿ ಕಟ್ಟುವ ತಾರೀಖು ಯಾವಾಗ ಅಂತ ಈಗಲೇ ಗುರುತು ಹಾಕಿಕೊಳ್ಳಿ.

ಕೊನೆಗೆ ನಿಮ್ಮ ಕ್ಲೈಂಟ್. ಮಾನನಷ್ಟದ ಕೇಸಿನಲ್ಲಿ 1,00,000 ಡಾಲರ್‌ಗೆ ರಾಜಿಯಾಗಿ ನಿಮ್ಮ ಫೀಸ್ 40,000 ಹೋದರೂ, ಸಾಮಾನ್ಯವಾಗಿ ಆತ ಪೂರ್ತಿ 1,00,000ಕ್ಕೆ ಟ್ಯಾಕ್ಸ್ ಕಟ್ಟಬೇಕು. 2005ರಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕ್ಸ್ ಎಂಬುವರ ಕೇಸಿನಲ್ಲಿ ಹೇಳಿದ ನಿಯಮ ಅದು. ಇಂಥ ಫೀಸ್ ಕಳೆಯುವ ಹಳೇ ಅವಕಾಶ 2018ರಿಂದ ನಿಂತಿತ್ತು, ಹೊಸ ಕಾನೂನು ಅದನ್ನು ಕಾಯಂ ಆಗಿ ತೆಗೆದುಹಾಕಿದೆ. ಕೆಲಸದ ಜಾಗದ ತಾರತಮ್ಯದಂಥ ಕೆಲವು ಕೇಸುಗಳಿಗೆ ಮಾತ್ರ ಬೇರೆ ವಿನಾಯಿತಿ ಉಳಿದಿದೆ. ರಾಜಿ ಪತ್ರಕ್ಕೆ ಸಹಿ ಬೀಳುವ ಮೊದಲೇ ಈ ಮಾತನ್ನು ಕ್ಲೈಂಟ್‌ಗೆ ಬಾಯಲ್ಲಿ ಹೇಳಿ, ಬರೆದೂ ಕೊಡಿ.