ಹಂದಿ ಮೂಳೆ, ಛತ್ರಿ ಬಟ್ಟೆ ಮತ್ತು 67 ನ್ಯಾನೋಮೀಟರ್

ವಿರಾಜಪೇಟೆಯ ಮಾಂಸದಂಗಡಿಯವರು ಮೊದಲ ಸಲ ನಕ್ಕೇಬಿಟ್ಟರು. "ಮಾಂಸ ಬೇಡ್ವಾ? ಬರೀ ತೊಡೆಮೂಳೆಯಾ?" ಹೌದು, ಬರೀ ಮೂಳೆ. ಅದೂ ಬೆಂಕಿಗೆ ಹಿಡಿಯದ್ದು. ಬಿಸಿ ತಾಗಿದರೆ ಕೊಲಾಜನ್, ಅಂದರೆ ಮೂಳೆಯೊಳಗಿನ ಪ್ರೋಟೀನ್ ಎಳೆ, ಕೆಡುತ್ತದೆ, ನನಗೆ ಬೇಕಾಗಿರುವುದೇ ಅದು.

ಮೂಳೆಯೊಳಗಿನ ಕೊಲಾಜನ್ ಎಳೆಗಳನ್ನೂ ಅವುಗಳಿಗೆ ಅಂಟಿಕೊಂಡ ಖನಿಜವನ್ನೂ ಎಕ್ಸ್-ರೇಯಿಂದ ನೋಡುವುದು ನನ್ನ ಕೆಲಸ. ಅಜ್ಜಿ ಕಾಫಿ ತೋಟದಲ್ಲಿ ಜಾರಿ ಬಿದ್ದು ತೊಡೆಮೂಳೆಯ ಕತ್ತು ಮುರಿದುಕೊಂಡಾಗ ತೆಗೆಸಿದ ಫಿಲ್ಮ್ ಇನ್ನೂ ಅಟ್ಟದಲ್ಲಿದೆ. ಅದರಲ್ಲಿ ಬೆಳ್ಳಗೆ ಕಾಣುವುದು ಹೆಚ್ಚುಕಮ್ಮಿ ಖನಿಜ ಮಾತ್ರ. ಕೊಲಾಜನ್ ಇದ್ದೂ ಇಲ್ಲದ ಹಾಗೆ.

ಇದನ್ನು ಅವ್ವನಿಗೆ ತೋರಿಸಲು ಎರಡು ಕೋಳಿ ಮೂಳೆ ತಗೊಂಡೆ. ಒಂದನ್ನು ಕೆಂಡದಲ್ಲಿ ಬೆಳ್ಳಗಾಗುವವರೆಗೆ ಸುಟ್ಟೆ. ಆಕಾರ ಹಾಗೇ ಉಳಿಯಿತು, ಬೆರಳಲ್ಲಿ ಒತ್ತಿದರೆ ಪುಡಿ. ಇನ್ನೊಂದನ್ನು ಕಾಚಂಪುಳಿಯಲ್ಲಿ, ಅಂದರೆ ನಮ್ಮ ಕೊಡಗಿನ ಕಪ್ಪು ಹುಳಿರಸದಲ್ಲಿ, ಹಾಕಲು ಹೊರಟಿದ್ದೆ. "ಅದರ ರೇಟ್ ಗೊತ್ತುಂಟಾ ನಿಂಗೆ?" ಅಂದಳು ಅವ್ವ. ಸರಿ, ವಿನೆಗರ್‌ನಲ್ಲೇ ವಾರ ಇಟ್ಟೆ. ಖನಿಜ ಕರಗಿ ಹೋಗಿ ಮೂಳೆ ರಬ್ಬರಿನ ಹಾಗೆ ಬಾಗಿತು. ಎರಡೂ ಸೇರಿದರೇ ಮೂಳೆ, ಅಲ್ವಾ?

ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ಖನಿಜ. ಉಳಿದದ್ದು ಹೆಚ್ಚಾಗಿ ಕೊಲಾಜನ್, ಸ್ವಲ್ಪ ನೀರು. ಕೊಲಾಜನ್ ಮೂರೆಳೆಯ ಹುರಿ ಅಂತ 1954ರಲ್ಲಿ ಮದ್ರಾಸಿನಿಂದ ಹೇಳಿದವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ಅವರಿಗೆ ಸಿಕ್ಕಿದ್ದು ಕಾಂಗರೂ ಬಾಲದ ಸ್ನಾಯುರಜ್ಜು, ನನಗೆ ಹಂದಿ ತೊಡೆ! ಈ ಹುರಿಗಳು ಒಂದರ ಪಕ್ಕ ಒಂದು ಸ್ವಲ್ಪ ಸ್ವಲ್ಪ ಸರಿದು ಕೂರುವುದರಿಂದ ಪ್ರತಿ 67 ನ್ಯಾನೋಮೀಟರ್‌ಗೆ ಒಂದೇ ವಿನ್ಯಾಸ ಮರಳಿ ಬರುತ್ತದೆ. ಅದರ ಸಂದಿಯಲ್ಲೂ ಸುತ್ತಲೂ ಖನಿಜದ ಬಿಲ್ಲೆಗಳು, ಬರೀ 2ರಿಂದ 4 ನ್ಯಾನೋಮೀಟರ್ ದಪ್ಪ. ಒಂದು ಮಿಲಿಮೀಟರಿನಲ್ಲಿ ಹತ್ತು ಲಕ್ಷ ನ್ಯಾನೋಮೀಟರ್.

ಇಷ್ಟು ಸಣ್ಣದರ ಫೋಟೋ ತೆಗೀತೀರಾ ಅಂತ ಕೇಳುತ್ತಾರೆ. ನೇರ ಫೋಟೋ ಅಲ್ಲ. ಮಳೆಯ ರಾತ್ರಿ ಛತ್ರಿ ಬಟ್ಟೆಯ ಮೂಲಕ ದೂರದ ಬೀದಿದೀಪ ನೋಡಿ. ದೀಪದ ಸುತ್ತ ಶಿಲುಬೆಯಂತೆ ಚುಕ್ಕಿಗಳು ಕಾಣುತ್ತವೆ. ಛತ್ರಿ ತಿರುಗಿಸಿದರೆ ಅವೂ ತಿರುಗುತ್ತವೆ. ನೇಯ್ಗೆ ಒತ್ತಾದಷ್ಟೂ ಚುಕ್ಕಿಗಳು ದೂರ ಸರಿಯುತ್ತವೆ. ನೂಲು ಕಾಣದಿದ್ದರೂ ನೇಯ್ಗೆಯ ಅಳತೆ, ದಿಕ್ಕು ಎರಡೂ ಸಿಕ್ಕಿತು. ನಾನು ಮಾಡುವುದೂ ಇಷ್ಟೇ. ದೀಪದ ಬದಲು ಇಂದೋರ್‌ನ ಇಂಡಸ್-2 ಸಿಂಕ್ರೋಟ್ರಾನ್, ಅಂದರೆ ಎಲೆಕ್ಟ್ರಾನ್‌ಗಳನ್ನು ಸುತ್ತಿಸಿ ಪ್ರಖರ ಎಕ್ಸ್-ರೇ ಕೊಡುವ, 172 ಮೀಟರ್ ಸುತ್ತಳತೆಯ ಉಂಗುರ. ತುಂಡನ್ನು ಅರ್ಧರ್ಧ ಮಿಲಿಮೀಟರ್ ಸರಿಸುತ್ತಾ ಪ್ರತಿ ಜಾಗದ ಚುಕ್ಕಿಗಳನ್ನು ಹಿಡಿದು, ಆಮೇಲೆ ಜೋಡಿಸಿ ನಕ್ಷೆ ಮಾಡುವುದು.

ಎಲ್ಲರೂ ಯಂತ್ರದ ಬಗ್ಗೆಯೇ ಕೇಳುತ್ತಾರೆ. ನನ್ನನ್ನು ಸೋಲಿಸಿದ್ದು ಯಾವತ್ತೂ ಯಂತ್ರ ಅಲ್ಲ, ತುಂಡು.

ಮೊದಲ ವರ್ಷ ಜುಲೈನಲ್ಲಿ ಮನೆಯ ಫ್ರೀಜರ್‌ನಲ್ಲಿ ಇಟ್ಟಿದ್ದೆ. ಗಾಳಿಮಳೆಗೆ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲ. ಬಾಗಿಲು ತೆಗೆದಾಗ ಬಂದ ವಾಸನೆಗೆ ಅವ್ವ ಫ್ರಿಜ್ಜನ್ನೇ ಅಂಗಳಕ್ಕೆ ಹಾಕಿಸಿದಳು. ಮರುವರ್ಷ ನೂರಕ್ಕೆ 70ರ ಸ್ಪಿರಿಟ್‌ನಲ್ಲಿ ಇಟ್ಟೆ. ಕೆಡಲಿಲ್ಲ. ಆದರೆ ತುಂಡುಗಳ ಮೇಲೆ ಮಾರ್ಕರ್‌ನಲ್ಲಿ ಬಾಣ ಬರೆದಿದ್ದೆ, ಸ್ಪಿರಿಟ್‌ಗೆ ಶಾಯಿ ಪೂರ್ತಿ ತೊಳೆದುಹೋಯಿತು. ಎಲ್ಲವನ್ನೂ ಚೌಕವಾಗಿ ಕತ್ತರಿಸಿದ್ದೆ ಬೇರೆ. ಎಳೆ ಯಾವ ಕಡೆ ಇದೆ ಅಂತ ಎಕ್ಸ್-ರೇ ಹೇಳಿತು. ಆ ಕಡೆ ಅಂದರೆ ಮೂಳೆಯ ಉದ್ದವೋ ಅಡ್ಡವೋ, ಅದನ್ನು ಹೇಳಬೇಕಾದವನು ನಾನು. ಎರಡು ದಿನದ ಅಳತೆ ಸುಮ್ನೆ ಹೋಯಿತು. ಈಗ ಉದ್ದುದ್ದ ಕತ್ತರಿಸುತ್ತೇನೆ, ಮೇಲ್ತುದಿಯ ಬಲಮೂಲೆಗೆ ಅರದಿಂದ ಒಂದು ಕಚ್ಚು ಹಾಕುತ್ತೇನೆ.

ಗರಗಸ ನಿಧಾನ. ಪಕ್ಕದಿಂದ ಯಾರಾದರೂ ನೀರು ಹನಿಸುತ್ತಲೇ ಇರಬೇಕು. ಹಲ್ಲಿನ ಡಾಕ್ಟರ ಹತ್ತಿರ ಬರುವಂಥ ಸುಟ್ಟ ವಾಸನೆ ಬಂತೋ, ಆ ತುಂಡು ಬಿಸಾಡುವುದೇ. ಆಮೇಲೆ ಗಾಜಿನ ಮೇಲೆ ನೀರು ಹಾಕಿ ಎಮರಿ ಪೇಪರ್‌ನಲ್ಲಿ ಉಜ್ಜುವುದು, ಮಿಲಿಮೀಟರಿನ ಕಾಲು ಭಾಗ ದಪ್ಪಕ್ಕೆ ಬರುವವರೆಗೆ. ಅಷ್ಟಾದಾಗ ಬೆಳಕಿಗೆ ಹಿಡಿದರೆ ಹಾಲು ಬೆರೆಸಿದ ನೀರಿನ ಹಾಗೆ ಕಾಣುತ್ತದೆ.

ಅಳೆಯುವ ಹಿಂದಿನ ರಾತ್ರಿ ಉಪ್ಪುನೀರಿನಲ್ಲಿ, ಅಂದರೆ ಸಲೈನ್‌ನಲ್ಲಿ, ನೆನೆಹಾಕಬೇಕು. ಒಣಗಿದರೆ ಕೊಲಾಜನ್ ಕುಗ್ಗಿ 67 ಇದ್ದದ್ದು 65ರ ಹತ್ತಿರ ಬಂದುಬಿಡುತ್ತದೆ. ಅದನ್ನು ರೋಗ ಅಂತ ಬರೆದುಬಿಟ್ಟರೆ? ಒಂದೇ ಜಾಗಕ್ಕೆ ಎರಡು ಸಲ ಕಿರಣ ಬಿಡುವುದೂ ಬೇಡ, ಎಕ್ಸ್-ರೇಯೇ ಕೊಲಾಜನ್ ಕೆಡಿಸುತ್ತದೆ. ಅಳತೆಪಟ್ಟಿ ಸರಿಯಿದೆಯಾ ಅಂತ ಮೊದಲು ಸಿಲ್ವರ್ ಬೆಹೆನೇಟ್ ಪುಡಿ ಇಟ್ಟು ನೋಡುತ್ತೇನೆ, ಅದರ ಪದರಗಳ ಅಂತರ ಮೊದಲೇ ಗೊತ್ತಿದೆ, 5.84 ನ್ಯಾನೋಮೀಟರ್.

ಕಚ್ಚು ಹಾಕಿದ ಮೊದಲ ತುಂಡಿಗೆ ಪರದೆಯ ಮೇಲೆ, ಮೂಳೆಯ ಉದ್ದಕ್ಕೆ ಸರಿಯಾಗಿ, ಎರಡು ಸಣ್ಣ ಕಮಾನು ಮೂಡಿದವು. ಅದು ಕೊಲಾಜನ್. ಅದಕ್ಕೆ ಅಡ್ಡವಾಗಿ ದಪ್ಪ ಮಸುಕು, ಅದು ಖನಿಜದ ಬಿಲ್ಲೆಗಳದ್ದು. ಲೆಕ್ಕ ಹಾಕಿದಾಗ ಬಂದದ್ದು 67ರ ಹತ್ತಿರವೇ. ಆ ರಾತ್ರಿಯೇ ಫೋನ್‌ನಲ್ಲಿ ಅವ್ವನಿಗೆ ಚಿತ್ರ ಕಳಿಸಿದೆ. "ಇದೆಂತ, ಎರಡು ಹುಬ್ಬಾ?" ಅಂತ ಕೇಳಿದಳು.

ಅದೆಲ್ಲ ತೊಡೆಮೂಳೆಯ ನಡುವಿನ, ನೇರ ಭಾಗದ ತುಂಡು. ಎಳೆಗಳು ಅಲ್ಲಿ ಹೆಚ್ಚಾಗಿ ಉದ್ದಕ್ಕೇ ಇರುತ್ತವೆ. ಮೂಳೆಯ ಕತ್ತಿನಲ್ಲಿ ಹಾಗಿಲ್ಲ, ಭಾರ ಓರೆಯಾಗಿ ಬೀಳುವ ಜಾಗ ಅದು. ಅಜ್ಜಿಗೆ ಮುರಿದದ್ದೂ ಅಲ್ಲೇ. ಅಲ್ಲಿಂದ ಎಂಟು ತುಂಡು ತೆಗೆದು ಸ್ಪಿರಿಟ್‌ನಲ್ಲಿ ಇಟ್ಟಿದ್ದೇನೆ, ಎಲ್ಲಕ್ಕೂ ಕಚ್ಚು ಹಾಕಿ. ಇಂದೋರ್‌ನಿಂದ ದಿನ ಗೊತ್ತಾದ ಮೇಲೆ ನೆನೆಹಾಕುವುದು.