ಸೆಕೆಂಡ್ ಹ್ಯಾಂಡ್ ಆರ್‌ವಿ ಕೊಂಡಿರಾ? ಮೊದಲು ಏಣಿ ಹತ್ತಿ, ಆಮೇಲೆ ಪಕ್ಕದವರನ್ನು ಮಾತಾಡಿಸಿ

ಆರ್‌ವಿ ಅಂದರೆ ಒಳಗೇ ಅಡುಗೆ, ಮಲಗುವ ವ್ಯವಸ್ಥೆ ಇರುವ ಗಾಡಿ; ಕಾರಿನ ಹಿಂದೆ ಕಟ್ಟಿ ಎಳೆಯುವ ಬಗೆಗೆ ಟ್ರಾವೆಲ್ ಟ್ರೇಲರ್ ಅನ್ನುತ್ತಾರೆ. ಅಮೆರಿಕದಲ್ಲಿರುವ ನೆಂಟರು ಹಳೆಯದೊಂದನ್ನು ಕೊಂಡರೆ ಫೋಟೊ ಬರುತ್ತದೆ. ಹೊಸ ಕುಶನ್, ಬಣ್ಣದ ಎಲ್‌ಇಡಿ ದೀಪ, ಅಡುಗೆ ಕಟ್ಟೆ ಹಿಂದೆ ಅಂಟಿಸಿದ ಟೈಲ್ಸ್ ಸ್ಟಿಕ್ಕರ್. ಛಾವಣಿಯ ಫೋಟೊ ಮಾತ್ರ ಯಾರೂ ಕಳಿಸುವುದಿಲ್ಲ. ಕೆಲಸ ಶುರುವಾಗಬೇಕಾದ್ದು ಅಲ್ಲಿಂದಲೇ.

ನೀರು ಒಳಗೆ ಬರದಂತೆ ನೋಡಿ

ಆರ್‌ವಿಯನ್ನು ಹಾಳು ಮಾಡುವುದು ಓಡಾಟಕ್ಕಿಂತ ಜಾಸ್ತಿ ಮಳೆನೀರು. ಸಾಕಷ್ಟು ಟ್ರೇಲರ್‌ಗಳ ಗೋಡೆ, ನೆಲದೊಳಗೆ ಮರ ಅಥವಾ ಪ್ಲೈವುಡ್ ಇರುತ್ತದೆ, ಒಮ್ಮೆ ನೆಂದರೆ ಹೊರಗೆ ಏನೂ ಕಾಣದ ಹಾಗೆ ಒಳಗೊಳಗೇ ಕೊಳೆಯುತ್ತಾ ಹೋಗುತ್ತದೆ. ಏಣಿ ಹಾಕಿ ಮೇಲೆ ನೋಡಿ. ಎಸಿ, ಫ್ಯಾನ್, ಸ್ಕೈಲೈಟ್, ಆಂಟೆನಾ ಸುತ್ತ ಹಾಕಿರುವ ಸೀಲೆಂಟ್ ಬಿಸಿಲಿಗೆ ಬಿರುಕು ಬಿಟ್ಟಿದೆಯಾ? ಬಿಟ್ಟಿದ್ದರೆ ಚೆನ್ನಾಗಿ ಒರೆಸಿ, ನಿಮ್ಮ ಛಾವಣಿಗೆ ಹೊಂದುವ ಲ್ಯಾಪ್ ಸೀಲೆಂಟ್ (ಆರ್‌ವಿ ಛಾವಣಿಯ ಸಂದುಗಳಿಗೆಂದೇ ಇರುವ ಅಂಟು) ಹಾಕಿ. ರಬ್ಬರ್ ಛಾವಣಿಗೆ ಒಂದು, ಫೈಬರ್‌ಗ್ಲಾಸಿಗೆ ಇನ್ನೊಂದು, ಟ್ಯೂಬಿನ ಮೇಲೆ ಬರೆದಿರುತ್ತದೆ ಓದಿಕೊಳ್ಳಿ. ಬಾತ್‌ರೂಮಿಗೆ ತಂದ ಸಿಲಿಕೋನ್ ಬೇಡವೇ ಬೇಡ. ಅದರ ಮೇಲೆ ಮುಂದೆ ಬೇರೆ ಯಾವುದೂ ಹಿಡಿಯುವುದಿಲ್ಲ, ಕೆರೆದು ತೆಗೆಯುವಷ್ಟರಲ್ಲಿ ಸಾಕಾಗಿ ಹೋಗುತ್ತದೆ. ಒಳಗೆ ಬಂದು ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ. ಮೆತ್ತಗಿದ್ದರೆ ನೀರು ಆಗಲೇ ಬಂದಿದೆ ಅಂತ ತಿಳಿಯಿರಿ. ಆಗ ಕುಶನ್ ದುಡ್ಡನ್ನು ಆ ಕಡೆ ತಿರುಗಿಸಿ.

ಅಲ್ಲೇ ಟೈರನ್ನೂ ನೋಡಿಬಿಡಿ. ಟೈರಿನ ಪಕ್ಕದಲ್ಲಿ DOT ಅಂತ ಶುರುವಾಗುವ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಟ್ರೇಲರ್ ಟೈರು ಸವೆಯುವುದಕ್ಕೆ ಮುಂಚೆ ವಯಸ್ಸಾಗಿ ಒಡೆಯುತ್ತದೆ. ಐದಾರು ವರ್ಷ ದಾಟಿದ್ದರೆ ಟೈರಿನ ಅಚ್ಚು ಎಷ್ಟೇ ಚೆನ್ನಾಗಿ ಕಂಡರೂ ಬದಲಾಯಿಸುವುದು ಒಳ್ಳೆಯದು.

ಕರೆಂಟು: ಇಲ್ಲಿ ಅವಸರ ಮಾಡಬೇಡಿ

ಚಿಕ್ಕ ಟ್ರೇಲರ್‌ಗಳಿಗೆ ಸಾಮಾನ್ಯವಾಗಿ 30 ಆಂಪ್ ಪ್ಲಗ್. ಅದು 120 ವೋಲ್ಟ್, ಹೆಚ್ಚೆಂದರೆ 3,600 ವ್ಯಾಟ್. ಎಸಿ, ಮೈಕ್ರೋವೇವ್, ಗೀಸರ್ ಮೂರೂ ಒಟ್ಟಿಗೆ ಹಾಕಿದರೆ ಟ್ರಿಪ್ ಆಗುವುದು ಸಹಜ. ಮನೆಯಲ್ಲಿ ನಿಲ್ಲಿಸಲು ಸಾಕೆಟ್ ಹಾಕಿಸುವವರು ಒಂದು ಮಾತು ನೆನಪಿಡಿ. ಆರ್‌ವಿ ಗೊತ್ತಿಲ್ಲದ ಎಲೆಕ್ಟ್ರಿಷಿಯನ್ 30 ಆಂಪ್ ಅಂದ ತಕ್ಷಣ ಬಟ್ಟೆ ಒಣಗಿಸುವ ಡ್ರೈಯರ್‌ಗೆ ಹಾಕುವ ಹಾಗೆ 240 ವೋಲ್ಟ್ ಕೊಟ್ಟುಬಿಡುವುದುಂಟು. ಪ್ಲಗ್ ಹಾಕಿದ ಕ್ಷಣಕ್ಕೆ ಒಳಗಿನ ಸಾಮಾನು ಸುಟ್ಟು ಹೋಗುತ್ತದೆ. ಮೊದಲು ಮೀಟರ್ ಹಿಡಿದು ವೋಲ್ಟೇಜ್ ನೋಡಿಯೇ ಹಾಕಿ. ಕ್ಯಾಂಪ್‌ಗ್ರೌಂಡಿಗೆ (ಆರ್‌ವಿ ನಿಲ್ಲಿಸಿ ತಂಗುವ ಜಾಗ) ಹೋಗುವವರು ವೋಲ್ಟೇಜ್ ಕಾಯುವ ಸರ್ಜ್ ಪ್ರೊಟೆಕ್ಟರ್ ಒಂದನ್ನು ಕೊಂಡರೆ ನೆಮ್ಮದಿ. ಊರಿಂದ ತಂದ 230 ವೋಲ್ಟಿನ ಮಿಕ್ಸಿ ಅಮೆರಿಕದಲ್ಲಿ ಸರಿಯಾಗಿ ತಿರುಗುವುದಿಲ್ಲ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ, ಇಂಡಿಯನ್ ಅಂಗಡಿಯಲ್ಲಿ 110 ವೋಲ್ಟಿನದು ಸಿಗುತ್ತದೆ.

ಈಗ ಬ್ಯಾಟರಿ. ಎಲ್ಲರೂ ಲಿಥಿಯಂ ಹಾಕಿಸುತ್ತಿದ್ದಾರೆ ಅಂತ ನೀವೂ ಹೊರಡುವ ಮುಂಚೆ ಲೆಕ್ಕ ಹಾಕಿ. 100 ಆಂಪ್ ಅವರ್ ಲೆಡ್ ಆಸಿಡ್ ಬ್ಯಾಟರಿ ಬಾಳಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಂದರೆ ಕೈಗೆ ಸಿಗುವುದು 50. ಗ್ಯಾಸ್ ಹೀಟರಿನ ಫ್ಯಾನೇ 7-8 ಆಂಪ್ ತಿನ್ನುತ್ತದೆ, ಚಳಿ ರಾತ್ರಿಯಲ್ಲಿ ಅದು ನಾಲ್ಕು ತಾಸು ಓಡಿದರೆ 30 ಆಂಪ್ ಅವರ್ ಹೋಯಿತು. ಬೆಳಗ್ಗೆ ಕಾಫಿ ಹೊತ್ತಿಗೆ ದೀಪ ಮಂಕಾಗುವುದು ಇದಕ್ಕೇ. ಅಷ್ಟೇ ಅಳತೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಬಹುತೇಕ ಪೂರ್ತಿ ಬಳಕೆಗೆ ಸಿಗುತ್ತದೆ, ತೂಕವೂ ಅರ್ಧಕ್ಕಿಂತ ಕಡಿಮೆ. ಆದರೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ಟ್ರೇಲರಿನಲ್ಲಿರುವ ಹಳೆ ಕನ್ವರ್ಟರ್ (ಹೊರಗಿನ ಕರೆಂಟಿನಿಂದ ಬ್ಯಾಟರಿ ಚಾರ್ಜ್ ಮಾಡುವ ಪೆಟ್ಟಿಗೆ) ಅದನ್ನು ಪೂರ್ತಿ ತುಂಬಿಸದೇ ಇರಬಹುದು. ಬ್ಯಾಟರಿ ಬೆಲೆಯ ಜತೆಗೆ ಹೊಸ ಚಾರ್ಜರ್ ಬೆಲೆಯನ್ನೂ ಸೇರಿಸಿಯೇ ಯೋಚಿಸಿ.

ಇಂಡಕ್ಷನ್ ಒಲೆಯಲ್ಲಿ ದೋಸೆ ಹಾಕುವ ಆಸೆ ಇದ್ದವರಿಗೆ: 1,800 ವ್ಯಾಟ್ ಒಲೆಗೆ 12 ವೋಲ್ಟ್ ಬ್ಯಾಟರಿಯಿಂದ 150 ಆಂಪಿಗಿಂತ ಜಾಸ್ತಿ ಎಳೆಯಬೇಕು. ಹೆಬ್ಬೆರಳು ದಪ್ಪದ ವೈರು, ದೊಡ್ಡ ಇನ್ವರ್ಟರ್ ಎಲ್ಲ ಬೇಕು. ನನ್ನ ಪ್ರಕಾರ ಗ್ಯಾಸ್ ಒಲೆಯೇ ವಾಸಿ. ಒಗ್ಗರಣೆಗೆ ಮುಂಚೆ ಛಾವಣಿಯ ಫ್ಯಾನ್ ಹಾಕಿ, ಕಿಟಕಿ ತೆಗೆಯಿರಿ. ಇಲ್ಲದಿದ್ದರೆ ಒಣಮೆಣಸಿನಕಾಯಿಗೆ ಹೊಗೆ ಅಲಾರಂ ಕೂಗುತ್ತದೆ. ಕೂಗಿತು ಅಂತ ಅದನ್ನು ಕಿತ್ತಿಡಬೇಡಿ! ಗ್ಯಾಸ್ ಅಲಾರಂಗೂ ಎಕ್ಸ್‌ಪೈರಿ ಇರುತ್ತದೆ, ಹಿಂಬದಿ ನೋಡಿ.

ದುಡ್ಡು ಸುರಿಯುವ ಮುಂಚೆ ಬೇರೆಯವರದನ್ನು ನೋಡಿ

ವಿಡಿಯೊ ನೋಡಿ ಸಾಮಾನು ಆರ್ಡರ್ ಮಾಡುವುದಕ್ಕಿಂತ, ಅದೇ ಸಾಮಾನು ಹಾಕಿಸಿಕೊಂಡು ಎರಡು ಚಳಿಗಾಲ ಕಳೆದವರನ್ನು ಕೇಳುವುದು ಮೇಲು. ಅವರು ಸಿಗುವುದು ಕ್ಯಾಂಪ್‌ಗ್ರೌಂಡಿನಲ್ಲಿ. ಸಂಜೆ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದಾರೆ ಅಂದರೆ ಮಾತಿಗೆ ಸಿದ್ಧ ಅಂತಲೇ ಅರ್ಥ. "ಸೋಲಾರ್ ಎಷ್ಟು ವ್ಯಾಟಿನದು? ಮೋಡ ಇದ್ದ ದಿನ ಸಾಕಾಗುತ್ತಾ?" ಅಂತ ಶುರು ಮಾಡಿ. ಹೆಚ್ಚಿನವರು ಬಾಗಿಲು ತೆಗೆದು ಒಳಗೆಲ್ಲ ತೋರಿಸುತ್ತಾರೆ, ಎಲ್ಲಿ ದುಡ್ಡು ದಂಡ ಆಯಿತು ಅನ್ನುವುದನ್ನೂ ಹೇಳುತ್ತಾರೆ. ನಿಮಗೆ ಬೇಕಾದ ಮಾತು ಅದೇ.

ಕೆಲವು ರೀತಿನೀತಿ ಇವೆ. ಒಬ್ಬರ ಜಾಗದ ನಡುವೆ ಹಾದು ಶೌಚಾಲಯಕ್ಕೆ ಹೋಗಬಾರದು. ರಾತ್ರಿ ಸಾಮಾನ್ಯವಾಗಿ ಹತ್ತರ ಮೇಲೆ ಸದ್ದಿಲ್ಲ, ಜನರೇಟರ್ ಅಂತೂ ಇಲ್ಲವೇ ಇಲ್ಲ. ಯಾರಾದರೂ ಟ್ರೇಲರ್ ರಿವರ್ಸ್ ತೆಗೆದುಕೊಳ್ಳುತ್ತಿದ್ದರೆ ಮಾತಾಡಿಸಬೇಡಿ, ಕರೆಯದೆ ಹೋಗಿ "ಲೆಫ್ಟ್, ಲೆಫ್ಟ್" ಅನ್ನಲೂಬೇಡಿ. ಗಂಡ ಹೆಂಡತಿ ನಡುವೆ ಆಗಲೇ ಬಿಸಿ ಏರಿರುತ್ತದೆ. ಚಕ್ರ ಉರುಳದಂತೆ ಅಡ್ಡ ಇಡುವ ಚೌಕ್ಸ್ ಇಟ್ಟು ಮುಗಿಸಲಿ, ಆಮೇಲೆ ಹೋಗಿ. ಒಗ್ಗರಣೆ ಅವಲಕ್ಕಿ ಒಯ್ದರೆ ಕಡಲೆಬೀಜ ಹಾಕಿದೆ ಅಂತ ಮೊದಲೇ ಹೇಳಿ, ಅಲರ್ಜಿ ಇರುವವರು ಅಲ್ಲಿ ಇರುತ್ತಾರೆ.

ಗುಂಪು ಸೇರಬೇಕೆಂದರೆ ಕ್ಲಬ್‌ಗಳಿವೆ. ಟೆಕ್ಸಸ್‌ನ ಲಿವಿಂಗ್‌ಸ್ಟನ್‌ನಲ್ಲಿ ಎಸ್ಕೇಪೀಸ್ ಕ್ಲಬ್ ಇದೆ, 1978ರಲ್ಲಿ ಶುರುವಾದದ್ದು. ವರ್ಷವಿಡೀ ಆರ್‌ವಿಯಲ್ಲೇ ಇರುವವರಿಗೆ ಅಂಚೆ ಬಂದರೆ ತಲುಪಿಸುವ ವ್ಯವಸ್ಥೆಯೂ ಅವರಲ್ಲಿದೆ. ಬೆಳ್ಳಿ ಬಣ್ಣದ ಏರ್‌ಸ್ಟ್ರೀಮ್ ಕಂಪನಿಯ ಟ್ರೇಲರ್ ಇರುವವರ ಕ್ಲಬ್ಬಿಗೆ 1955ರಷ್ಟು ಹಳೆ ಇತಿಹಾಸ. ಆದರೆ ಒಂದೇ ಕಡೆ ಎಲ್ಲ ನೋಡಬೇಕೆಂದರೆ ಜನವರಿಯಲ್ಲಿ ಅರಿಜೋನಾದ ಕ್ವಾರ್ಟ್ಜ್‌ಸೈಟ್ ಊರಿಗೆ ಹೋಗಿ. ಮರುಭೂಮಿಯಲ್ಲಿ ಕಣ್ಣು ಹಾಯಿಸಿದಷ್ಟೂ ಆರ್‌ವಿ. ಸರ್ಕಾರಿ ಜಾಗದಲ್ಲಿ ಎರಡು ಬಗೆಯಿದೆ: ಪರ್ಮಿಟ್ ತೆಗೆದುಕೊಂಡು ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇರಬಹುದಾದ ಜಾಗ, ಮತ್ತೆ 14 ದಿನಕ್ಕೆ ಖಾಲಿ ಮಾಡಬೇಕಾದ ಜಾಗ. ಕರೆಂಟು, ನಲ್ಲಿ ಬಾಗಿಲಿಗೆ ಬರುವುದಿಲ್ಲ, ಹಾಗಾಗಿ ಯಾರ ಬ್ಯಾಟರಿ, ಯಾರ ಸೋಲಾರ್ ನಿಜವಾಗಿ ಕೆಲಸ ಮಾಡುತ್ತದೆ ಅಂತ ಅಲ್ಲಿ ಸುಮ್ನೆ ಓಡಾಡಿದರೇ ಗೊತ್ತಾಗುತ್ತದೆ. ಸೋಲಾರ್ ಹಾಕಿಸುವ ಯೋಚನೆ ಇದ್ದವರು ಇದನ್ನು ನೋಡಿ ಬಂದಮೇಲೆ ಆರ್ಡರ್ ಮಾಡಿ.

ಹೋಗುವಾಗ ನೀರಿನ ಟ್ಯಾಂಕ್ ತುಂಬಿಸಿಕೊಂಡು ಹೋಗಿ. 40 ಗ್ಯಾಲನ್ ನೀರೇ 150 ಕೆಜಿ ಆಗುತ್ತದೆ. ಬಾಗಿಲ ಹತ್ತಿರದ ಹಳದಿ ಸ್ಟಿಕ್ಕರಿನಲ್ಲಿ ಎಷ್ಟು ತೂಕ ಹೇರಬಹುದು ಅಂತ ಬರೆದಿರುತ್ತದೆ, ನೀರನ್ನೂ ಅದರಲ್ಲೇ ಕಳೆಯಿರಿ.